ಚಿಟ್ಟೆಯಾಚೆಗಿನ ಸಮಮಿತಿ: ಮಡಚಿ, ತಿರುಗಿಸಿ, ಚುಕ್ಕಿ ಇಟ್ಟು ಕಲಿಸುವುದು ಹೇಗೆ?

ಪ್ರಶ್ನೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 7ನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. 36 ಮಕ್ಕಳಿದ್ದಾರೆ. ಸಮಮಿತಿ ಪಾಠಕ್ಕೆಂದು ಹಾಳೆಯ ಮೇಲೆ ಬಣ್ಣ ಹಾಕಿ, ಮಡಚಿ ಒತ್ತಿಸಿ ಚಿಟ್ಟೆ ಮಾಡಿಸಿದೆ. ಎಲ್ಲರೂ ಖುಷಿಯಿಂದ ಮಾಡಿದರು. ಮರುದಿನ ಸಮಾಂತರ ಚತುರ್ಭುಜ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕರ್ಣವನ್ನೇ ಸಮಮಿತಿ ರೇಖೆ ಎಂದು ಎಳೆದರು. ತಿರುಗಿಸಿದಾಗ ಬರುವ ಸಮಮಿತಿಯಂತೂ ತಲೆಗೇ ಹತ್ತಿಲ್ಲ. ಐದು ಅವಧಿ ಸಿಗುತ್ತವೆ, ದುಡ್ಡು ಹೆಚ್ಚಿಲ್ಲ. ಕೈಯಿಂದ ಮಾಡುವ ಯಾವ ಕೆಲಸ ಕೊಡಲಿ?

ಉತ್ತರ: ಮೇಡಂ, ಚಿಟ್ಟೆಯಲ್ಲಿ ತಪ್ಪೇನೂ ಇಲ್ಲ. ತೊಂದರೆ ಏನೆಂದರೆ ಅದರಲ್ಲಿ ಮಗು ತಪ್ಪು ಮಾಡಲು ಜಾಗವೇ ಇಲ್ಲ. ಹಾಳೆ ಮಡಚಿ ಒತ್ತಿದರೆ ಏನು ಬಂದರೂ ಎರಡೂ ಕಡೆ ಒಂದೇ ರೀತಿ ಬರುತ್ತದೆ. ಮಗು ಯೋಚಿಸಬೇಕಾಗಿಯೇ ಇಲ್ಲ. ಜೊತೆಗೆ ಹೀಗೆ ಮಡಚಿ ಒತ್ತುವ ಅಥವಾ ಮಡಚಿ ಕತ್ತರಿಸುವ ಯಾವ ಕೆಲಸದಲ್ಲೂ ಕನ್ನಡಿ ಸಮಮಿತಿ ಬಂದೇ ಬರುತ್ತದೆ. ಕನ್ನಡಿಯಿಲ್ಲದೆ ತಿರುಗುವ ಸಮಮಿತಿ ಮಾತ್ರ ಇರುವ ಚಿತ್ರ ಇಂಥ ಮಡಿಕೆಯಿಂದ ಹುಟ್ಟುವುದಿಲ್ಲ. ಮಡಚುವುದನ್ನಷ್ಟೇ ಮಾಡಿದ ಮಕ್ಕಳಿಗೆ ಎರಡನೆಯದರ ಪರಿಚಯವೇ ಆಗಿರುವುದಿಲ್ಲ. ಆದ್ದರಿಂದ ಐದು ಅವಧಿಗಳಲ್ಲಿ ಹೆಚ್ಚಿನ ಪಾಲನ್ನು ತಿರುಗಿಸುವ ಕೆಲಸಕ್ಕೆ ಕೊಡಿ.

ಮೊದಲು ಕರ್ಣದ ವಿಷಯ. ‘ಆಕೃತಿಯನ್ನು ಎರಡು ಸಮಭಾಗ ಮಾಡುವ ಗೆರೆ’ ಎಂದು ಮಕ್ಕಳು ಬಾಯಿಪಾಠ ಮಾಡಿದ್ದರೆ ಅವರ ಉತ್ತರ ಅವರ ಲೆಕ್ಕಕ್ಕೆ ಸರಿಯೇ ಇದೆ: ಸಮಾಂತರ ಚತುರ್ಭುಜದ ಕರ್ಣ ನಿಜವಾಗಿಯೂ ಎರಡು ಸರ್ವಸಮ ತ್ರಿಭುಜ ಮಾಡುತ್ತದೆ. ಬಿಟ್ಟುಹೋಗಿರುವುದು ‘ಮಗುಚಿದಾಗ ಹೊಂದಬೇಕು’ ಎನ್ನುವ ಮಾತು. ಇದನ್ನು ಹೇಳಿ ತಿದ್ದುವ ಬದಲು ಕತ್ತರಿ ಕೊಡಿ. ಗ್ರಾಫ್ ಹಾಳೆಯಲ್ಲಿ ತಳ 12 ಚೌಕ, ಎತ್ತರ 6 ಚೌಕ, ಮೇಲಿನ ಬಾಹು 4 ಚೌಕ ಬಲಕ್ಕೆ ಸರಿದಿರುವ ಚತುರ್ಭುಜ ಬರೆಸಿ, ಪ್ರತಿ ಮಗುವಿಗೂ ಎರಡು ಪ್ರತಿ ಕತ್ತರಿಸಲು ಹೇಳಿ. ಒಂದನ್ನು ಕರ್ಣದ ಮೇಲೆ ಮಡಚಲಿ. ಮೂಲೆಗಳು ಹೊರಗೆ ಚಾಚಿಕೊಳ್ಳುತ್ತವೆ. ಇನ್ನೊಂದನ್ನು ಕರ್ಣದ ಮೇಲೆ ಕತ್ತರಿಸಿ, ಒಂದು ತುಂಡನ್ನು ಮೇಜಿನ ಮೇಲಿಂದ ಎತ್ತದೆ ಅರ್ಧ ಸುತ್ತು ತಿರುಗಿಸಿ ಇನ್ನೊಂದರ ಮೇಲೆ ಜರುಗಿಸಲಿ, ಕರಾರುವಾಕ್ಕಾಗಿ ಕೂರುತ್ತದೆ. ‘ಎತ್ತದೆ’ ಎನ್ನುವ ನಿಯಮ ಮುಖ್ಯ. ಎತ್ತಿ ಮಗುಚಿದರೆ ಅದು ಬೇರೆ ಚಲನೆ. ಹಾಳೆಯ ಒಂದು ಮುಖಕ್ಕೆ ಬಣ್ಣದ ಪೆನ್ಸಿಲ್ ತಿಕ್ಕಿಸಿದ್ದರೆ ಯಾರು ಮಗುಚಿದರು, ಯಾರು ತಿರುಗಿಸಿದರು ಎಂದು ದೂರದಿಂದಲೇ ಗೊತ್ತಾಗುತ್ತದೆ.

ಇದೇ ಅವಧಿಯಲ್ಲಿ ಪರೀಕ್ಷಿಸುವ ಸಾಧನವನ್ನೂ ಅವರ ಕೈಗೆ ಕೊಟ್ಟುಬಿಡಿ: ಅಂಗೈ ಅಗಲದ ಒಂದು ತುಂಡು ಬಟರ್ ಪೇಪರ್. ಆಕೃತಿಯ ಮೇಲಿಟ್ಟು ನಕಲು ತೆಗೆದು, ಕೇಂದ್ರದಲ್ಲಿ ಪೆನ್ಸಿಲ್ ಮೊನೆ ಊರಿ ತಿರುಗಿಸುವುದು. ಇಲ್ಲವೇ ನಕಲನ್ನು ಮಗುಚಿ ಇಡುವುದು. ಮುಂದಿನ ಎಲ್ಲ ಕೆಲಸಕ್ಕೂ ತೀರ್ಪು ಕೊಡುವುದು ಈ ತುಂಡೇ, ನೀವಲ್ಲ. ತಿರುಗಿಸುವಾಗ ಎಲ್ಲಿಂದ ಹೊರಟೆವು ಎಂಬುದು ಮರೆತುಹೋಗುವುದು ಸಾಮಾನ್ಯ. ನಕಲಿನ ಒಂದು ಮೂಲೆಗೆ ಚುಕ್ಕಿ ಹಾಕಿಸಿ. ಚುಕ್ಕಿ ಮೊದಲಿನ ಜಾಗಕ್ಕೆ ಮರಳುವಷ್ಟರಲ್ಲಿ ಎಷ್ಟು ಸಲ ಹೊಂದಿತು ಎಂದು ಎಣಿಸಿದರೆ ಆಯಿತು. ಒಂದು ಪೂರ್ತಿ ಸುತ್ತಿನಲ್ಲಿ ಒಂದೇ ಸಲ ಹೊಂದಿದರೆ ಭ್ರಮಣ ಸಮಮಿತಿ (ತಿರುಗಿಸಿದಾಗ ಬರುವ ಸಮಮಿತಿ) ಇಲ್ಲ ಎಂದರ್ಥ, ಏಕೆಂದರೆ ಎಂಥ ಆಕೃತಿಯೂ ಒಂದು ಸುತ್ತು ಬಂದರೆ ತನ್ನ ಜಾಗಕ್ಕೆ ಕೂರಲೇಬೇಕು.

ಕಾಗದ ಮಡಚಿ ಕತ್ತರಿಸುವುದು

ಇದನ್ನು ಬಿಡಬೇಡಿ, ಆದರೆ ಎಣಿಕೆಯ ಜೊತೆ ಮಾಡಿಸಿ. ಮಡಿಕೆಗಳೆಲ್ಲ ಒಂದೇ ಬಿಂದುವಿನ ಮೂಲಕ ಹಾಯುವಂತೆ ಮಡಚಿದಾಗ ಒಂದು ನಿಯಮ ಸಿಗುತ್ತದೆ: ಪದರಗಳ ಅರ್ಧದಷ್ಟು ಸಮಮಿತಿ ರೇಖೆಗಳು. ಎರಡು ಪದರಕ್ಕೆ 1 ರೇಖೆ, ನಾಲ್ಕಕ್ಕೆ 2, ಎಂಟಕ್ಕೆ 4. ಮಕ್ಕಳು ಮೊದಲೇ ಊಹಿಸಿ ಬರೆದಿಟ್ಟು ಆಮೇಲೆ ಬಿಡಿಸಿ ನೋಡಲಿ. ನಾಲ್ಕು ಪದರಕ್ಕೆ ನಾಲ್ಕು ರೇಖೆ ಎಂದೇ ಹೆಚ್ಚಿನವರು ಬರೆಯುತ್ತಾರೆ. ಅಲ್ಲೇ ಪಾಠ ಇರುವುದು.

ಆರರ ಹೂವಿಗೆ ಹೀಗೆ ಮಾಡಿ. ಎ4 ಹಾಳೆಯಿಂದ 21 ಸೆಂ.ಮೀ. ಚೌಕ ತೆಗೆದು ಅರ್ಧಕ್ಕೆ ಮಡಚಿ. ಮಡಿಕೆಯ ಅಂಚಿನ ನಡುಬಿಂದುವನ್ನು ಗುರುತು ಮಾಡಿ. ಆ ಬಿಂದುವಿನಿಂದ ಬಲಭಾಗವನ್ನು ಎಡಕ್ಕೆ, ಎಡಭಾಗವನ್ನು ಅದರ ಮೇಲೆ ಬಲಕ್ಕೆ ಮಡಚಿ ಮೂರು ಸಮ ಕೋನ ಮಾಡಬೇಕು. ಒಂದೊಂದೂ 60 ಡಿಗ್ರಿ. ಎರಡೂ ಬದಿಯ ಅಂಚುಗಳು ಒಂದರ ಮೇಲೊಂದು ಸರಿಯಾಗಿ ಕೂರುವ ತನಕ ಬೆರಳಿನಿಂದ ಹಿಡಿದು ಹೊಂದಿಸಿ, ಆಮೇಲಷ್ಟೇ ಉಗುರಿನಿಂದ ಒತ್ತಿ. ಈಗ ಆರು ಪದರ. ಇಲ್ಲಿಗೇ ನಿಲ್ಲಿಸಿ ಕತ್ತರಿಸಿದರೆ ಮೂರು ರೇಖೆಗಳ ಹೂವು ಬರುತ್ತದೆ, ಆರರದ್ದಲ್ಲ. ಇನ್ನೊಮ್ಮೆ ಉದ್ದಕ್ಕೆ ಅರ್ಧ ಮಡಚಿದರೆ 30 ಡಿಗ್ರಿಯ 12 ಪದರ, ಆಗ 6 ರೇಖೆ. ಕತ್ತರಿಸುವ ಮೊದಲು ಮೇಲಿನ ಅಂಚನ್ನು ಕೇಂದ್ರದಿಂದ ಒಂದೇ ದೂರಕ್ಕೆ ಸವರಿಬಿಡಿ. ಇಲ್ಲವಾದರೆ ಚೌಕದ ಮೂಲೆಗಳು ಕಿವಿಗಳಂತೆ ಉಳಿದು ಸಮಮಿತಿ ಕೆಡುತ್ತದೆ.

ಕೆಡುವ ಕಡೆಗಳು ಮೂರು. ಬರೆಯುವ ಹಾಳೆ ಎಂಟು ಪದರದವರೆಗೆ ಶಾಲೆಯ ಕತ್ತರಿಗೆ ಬಗ್ಗುತ್ತದೆ, ಹನ್ನೆರಡಕ್ಕೆ ಬಗ್ಗುವುದಿಲ್ಲ. ಪದರ ಜಾರಿ ಹೊರಗಿನ ಎಸಳು ದೊಡ್ಡದು, ಒಳಗಿನದು ಚಿಕ್ಕದು ಆಗುತ್ತದೆ. ಗಾಳಿಪಟದ ಕಾಗದ ತೆಗೆದುಕೊಳ್ಳಿ, ಇಲ್ಲವೇ ಹಳೇ ದಿನಪತ್ರಿಕೆ. ಎರಡನೆಯದು, ಒಂದು ಮಡಿಕೆಯಿಂದ ಇನ್ನೊಂದು ಮಡಿಕೆಯವರೆಗೆ ಪೂರ್ತಿ ಕತ್ತರಿಸಿದರೆ ಹೂವು ಬಳೆ ಬಳೆಯಾಗಿ ಬಿದ್ದುಹೋಗುತ್ತದೆ. ಎರಡೂ ಅಂಚಿನಲ್ಲಿ ಕನಿಷ್ಠ ಅರ್ಧ ಸೆಂ.ಮೀ. ಕತ್ತರಿಸದೆ ಉಳಿದ ಜಾಗ ಇರಬೇಕು. ಮೂರನೆಯದು ಕೈಚಳಕದ್ದು: ಕತ್ತರಿ ಇದ್ದಲ್ಲೇ ಇರಲಿ, ಕಾಗದ ತಿರುಗಲಿ.

ಬೇಗ ಮುಗಿಸುವ ಮಕ್ಕಳಿಗೆ ಐದರ ಹೂವು ಕೊಡಿ. ಅರ್ಧ ಮಡಚಿದ ಮೇಲೆ ಕೋನಮಾಪಕದಿಂದ 36 ಡಿಗ್ರಿಯ ಐದು ಭಾಗ ಗುರುತಿಸಿ ಬೀಸಣಿಗೆ ಮಡಿಕೆಯಂತೆ ಹಿಂದೆ ಮುಂದೆ ಮಡಚಿದರೆ 10 ಪದರ, 5 ರೇಖೆ. ಓರೆಯಾಗಿ ಒಂದೇ ಏಟಿಗೆ ಕತ್ತರಿಸಿದರೂ ಐದು ಮೂಲೆಯ ನಕ್ಷತ್ರ ಬರುತ್ತದೆ. ‘ಐದು ಪದರ ಮಾಡಿ ಐದು ರೇಖೆ ತರಬಹುದೇ?’ ಎಂದು ಕೇಳಿ ಬಿಟ್ಟುಬಿಡಿ. ಕೇಂದ್ರದ ಸುತ್ತ ಹೀಗೆ ಮಡಚಿದ ಕಾಗದದಲ್ಲಿ ಪಕ್ಕಪಕ್ಕದ ಪದರಗಳು ಒಂದಕ್ಕೊಂದು ಕನ್ನಡಿ ಬಿಂಬಗಳು. ಮೊದಲನೆಯದು ನೇರ, ಎರಡನೆಯದು ಮಗುಚಿದ್ದು, ಮೂರನೆಯದು ನೇರ... ಸುತ್ತಿ ಬಂದು ಮೊದಲನೆಯದಕ್ಕೆ ಸೇರಬೇಕಾದರೆ ಪದರಗಳ ಸಂಖ್ಯೆ ಸಮ ಆಗಿರಲೇಬೇಕು.

ಎರಡು ಕನ್ನಡಿ, ಒಂದು ಗೆರೆ

ಗಾಜಿನ ಅಂಗಡಿಯಲ್ಲಿ 10 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರಕ್ಕೆ ಕನ್ನಡಿ ತುಂಡು ಮಾಡಿಸಿ, ಅಂಚು ಉಜ್ಜಿಸಿ ತನ್ನಿ. ಆರು ಮಕ್ಕಳಿಗೆ ಒಂದು ಜೋಡಿಯಂತೆ ಆರು ಜೋಡಿ ಸಾಕು. ಹೊಳೆಯುವ ಮುಖಗಳನ್ನು ಒಂದಕ್ಕೊಂದು ಎದುರಿಟ್ಟು ಹಿಂಬದಿಗೆ ಅಗಲದ ಟೇಪ್ ಅಂಟಿಸಿ ಪುಸ್ತಕದಂತೆ ತೆರೆಯುವ ಹಾಗೆ ಮಾಡಿ. ನಡುವೆ ಒಂದೆರಡು ಮಿ.ಮೀ. ಬಿಡದಿದ್ದರೆ ಸಣ್ಣ ಕೋನಕ್ಕೆ ಮುಚ್ಚುವುದಿಲ್ಲ. ಉಳಿದ ಅಂಚುಗಳಿಗೂ ಟೇಪ್ ಸುತ್ತಿ, ಕೈ ಕುಯ್ಯಬಾರದು. ಪ್ಲಾಸ್ಟಿಕ್ ಕನ್ನಡಿ ಸುರಕ್ಷಿತ, ನಿಜ. ಆದರೆ ಬೇಗ ಬಾಗಿ ಬಿಂಬ ಡೊಂಕಾಗುತ್ತದೆ. ರಟ್ಟಿಗೆ ಅಂಟಿಸಿದರೆ ನಡೆಯುತ್ತದೆ.

ಹಾಳೆಯ ಮೇಲೆ ಒಂದೇ ಒಂದು ಉದ್ದ ಗೆರೆ ಎಳೆದು ಅದರ ಮೇಲೆ ಕನ್ನಡಿ ಜೋಡಿ ನಿಲ್ಲಿಸಿ. ಎರಡೂ ಕನ್ನಡಿಗಳು ಗೆರೆಯನ್ನು ಸಂದಿನಿಂದ ಒಂದೇ ದೂರದಲ್ಲಿ ಮುಟ್ಟುವ ಹಾಗಿದ್ದರೆ, 120 ಡಿಗ್ರಿಗೆ ತ್ರಿಭುಜ, 90ಕ್ಕೆ ಚೌಕ, 72ಕ್ಕೆ ಪಂಚಭುಜ, 60ಕ್ಕೆ ಷಡ್ಭುಜ ಕಾಣುತ್ತದೆ. 360ನ್ನು ಕೋನದಿಂದ ಭಾಗಿಸಿದರೆ ಬಾಹುಗಳ ಸಂಖ್ಯೆ ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ದೂರ ಹೆಚ್ಚುಕಡಿಮೆಯಾದರೆ 90 ಡಿಗ್ರಿಯಲ್ಲಿ ಚೌಕದ ಬದಲು ವಜ್ರಾಕೃತಿ ಬರುತ್ತದೆ. ಅದನ್ನು ಸರಿಮಾಡಲು ಹೋಗಬೇಡಿ, ಯಾಕೆ ಹಾಗಾಯಿತು ಎಂದು ಕೇಳಿ.

ಆಮೇಲೆ ಗೆರೆ ತೆಗೆದು ‘ಲ’ ಅಕ್ಷರ ಇಡಿಸಿ. 90, 60, 45 ಡಿಗ್ರಿಗಳಲ್ಲಿ ಎಲ್ಲ ಬಿಂಬಗಳೂ ಸಮನಾಗಿ ಸೇರುತ್ತವೆ. 72 ಡಿಗ್ರಿಗೆ ತಂದರೆ ಸಂದಿನ ಹಿಂದೆ ಎದುರಿಗೆ ಕಾಣುವ ತುಂಡು ಹೊಂದುವುದಿಲ್ಲ, ನೋಡುವವರು ತಲೆ ಆಚೀಚೆ ಸರಿಸಿದರೆ ಅದೂ ಬದಲಾಗುತ್ತದೆ. ಕನ್ನಡಿ ಕೆಟ್ಟಿದೆ ಎಂದು ಮಕ್ಕಳು ದೂರುತ್ತಾರೆ. ಕೆಟ್ಟಿಲ್ಲ. ನೇರ, ಮಗುಚಿದ್ದು, ನೇರ, ಮಗುಚಿದ್ದು, ನೇರ: ಐದಕ್ಕೆ ನಿಂತರೆ ಕೊನೆಯದು ಮೊದಲನೆಯದರ ಪಕ್ಕ ಸೇರಲಾರದು. ಕಾಗದದಲ್ಲಿ ಐದು ಪದರ ಆಗದಿದ್ದ ಕಾರಣವೇ ಇದು. ಗೆರೆಯಲ್ಲಿ ಮಾತ್ರ ಪಂಚಭುಜ ಸರಿಯಾಗಿ ಬಂದದ್ದು ಆ ಗೆರೆಗೆ ತನ್ನದೇ ಎಡಬಲ ಸಮಮಿತಿ ಇದ್ದುದರಿಂದ. ಕನ್ನಡಿಯನ್ನು 36 ಡಿಗ್ರಿಗೆ ತಂದರೆ ‘ಲ’ ಕೂಡ ಐದು ರೇಖೆಗಳ ಚಿತ್ರವಾಗಿ ಸೇರುತ್ತದೆ.

ಮಗುಚದೆ ತಿರುಗಿಸುವುದು

ಇಲ್ಲಿಂದ ಮುಖ್ಯ ಭಾಗ. ಹಳೆಯ ಲಗ್ನಪತ್ರಿಕೆಗಳನ್ನು ತರಲು ಹೇಳಿ. ಅವುಗಳ ದಪ್ಪ ಇದಕ್ಕೆ ಹೇಳಿಮಾಡಿಸಿದ್ದು. ಅದರಲ್ಲಿ ಸೀರೆ ಅಂಚಿನಲ್ಲಿರುವಂಥ ಒಂದು ಮಾವಿನಕಾಯಿ ಆಕಾರ ಬರೆದು ಕತ್ತರಿಸಬೇಕು: ಕಾಯಿ 5 ಸೆಂ.ಮೀ., ತುದಿ ಒಂದೇ ಕಡೆಗೆ ಬಾಗಿರಲಿ, ಬುಡದಲ್ಲಿ 3 ಸೆಂ.ಮೀ. ಉದ್ದದ ಬಾಲ. ಬಾಲದ ಕೊನೆಯಲ್ಲಿ ಗುಂಡುಪಿನ್ನಿನಿಂದ ತೂತು. ಅಚ್ಚಿನ ಒಂದು ಮುಖಕ್ಕೆ ‘ಮೇಲೆ’ ಎಂದು ಬರೆಯಿಸಿ. ಹಾಳೆಯ ನಡುವೆ ಬಿಂದು ಇಟ್ಟು ಕೋನಮಾಪಕದಿಂದ 60 ಡಿಗ್ರಿಗೊಂದು ಗೆರೆ ಎಳೆದು, ಪಿನ್ ಚುಚ್ಚಿ, ಬಾಲದ ನಡುಗೆರೆಯನ್ನು ಒಂದೊಂದೇ ಗೆರೆಗೆ ಹೊಂದಿಸುತ್ತ ಆರು ಸಲ ಸುತ್ತಬರೆಯಬೇಕು. ಹಾಳೆಯ ಕೆಳಗೆ ಥರ್ಮೋಕೋಲ್ ಅಥವಾ ದಪ್ಪ ರಟ್ಟು ಇರಲಿ, ಇಲ್ಲವಾದರೆ ಪಿನ್ ವಾಲಿ ಕೇಂದ್ರ ಜಾರುತ್ತದೆ. ಕೊನೆಯ ಮಾವು ಮೊದಲನೆಯದರ ಮೇಲೆ ಹತ್ತಿ ಕೂರುವುದಕ್ಕೆ ಇದೇ ಕಾರಣ.

ಬಂದ ಚಿತ್ರ 60 ಡಿಗ್ರಿ ತಿರುಗಿಸಿದಾಗಲೆಲ್ಲ ಹೊಂದುತ್ತದೆ, ಆದರೆ ಒಂದೂ ಸಮಮಿತಿ ರೇಖೆ ಇಲ್ಲ. ಬಟರ್ ಪೇಪರ್ ನಕಲನ್ನು ಮಗುಚಿ ಇಟ್ಟರೆ ಮಾವುಗಳೆಲ್ಲ ಎದುರು ದಿಕ್ಕಿಗೆ ಸುತ್ತುತ್ತಿರುವಂತೆ ಕಾಣುತ್ತದೆ. ಎರಡನೇ ಹಾಳೆಯಲ್ಲಿ ಪ್ರತಿ ಗೆರೆಯ ಮೇಲೂ ಒಮ್ಮೆ ‘ಮೇಲೆ’ ಮುಖದಿಂದ, ಒಮ್ಮೆ ಮಗುಚಿ ಬರೆಯಲಿ. ಹನ್ನೆರಡು ಮಾವು, ಆರು ರೇಖೆ. ಎರಡೂ ಹಾಳೆಗಳನ್ನು ಗೋಡೆಗೆ ಪಕ್ಕಪಕ್ಕ ಅಂಟಿಸಿ. ಸಮಾಂತರ ಚತುರ್ಭುಜ ಯಾವ ಹಾಳೆಯ ಕಡೆಯದು ಎಂದು ಆಗ ಕೇಳಬಹುದು.

ಕಾಗದದ ಗಿರಗಿಟ್ಲೆಯನ್ನೂ ಮಾಡಿಸಬಹುದು: 15 ಸೆಂ.ಮೀ. ಚೌಕ, ಕರ್ಣಗಳ ಮೇಲೆ ನಡುವಿಗೆ 2 ಸೆಂ.ಮೀ. ಉಳಿಯುವ ತನಕ ಕತ್ತರಿ, ಒಂದು ಬಿಟ್ಟು ಒಂದು ತುದಿಯನ್ನು ನಡುವಿಗೆ ತಂದು ಪಿನ್. ಎಡತುದಿಗಳನ್ನು ಮಡಚಿದರೆ ಒಂದು ದಿಕ್ಕಿಗೆ, ಬಲತುದಿಗಳನ್ನು ಮಡಚಿದರೆ ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ನಾಲ್ಕರಲ್ಲಿ ಒಂದನ್ನು ತಪ್ಪಿಸಿ ಮಡಚಿದರೆ ತಡವರಿಸುತ್ತದೆ.

ಸೋಮನಾಥಪುರದ ನಕ್ಷತ್ರ

ತಿರುಗಿಸುವುದರಿಂದ ಕಟ್ಟಡವೇ ಹುಟ್ಟುತ್ತದೆ ಎಂದು ತೋರಿಸಲು ಹೊಯ್ಸಳರ ದೇವಾಲಯಗಳ ನಕ್ಷೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1258ರಲ್ಲಿ ಪ್ರತಿಷ್ಠೆಯಾದ ಸೋಮನಾಥಪುರದ ಕೇಶವ ದೇವಾಲಯದ ಗರ್ಭಗುಡಿಗಳ ಹೊರರೇಖೆ 16 ಮೂಲೆಯ ನಕ್ಷತ್ರ. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಈ ಆಕಾರ ಬರುತ್ತದೆ. ರಟ್ಟಿನಲ್ಲಿ 12 ಸೆಂ.ಮೀ. ಚೌಕ ಕತ್ತರಿಸಿ, ಕರ್ಣಗಳು ಸೇರುವಲ್ಲಿ ಬೋರ್ಡ್ ಪಿನ್ ಚುಚ್ಚಿ, ನಾಲ್ಕು ಸಲ ಸುತ್ತಬರೆಯಿರಿ: 0, 22.5, 45, 67.5. ಐದನೆಯದು 90, ಅಂದರೆ ಮೊದಲಿನ ಚೌಕವೇ. ನಕ್ಷತ್ರದ ಅಗಲ ಸುಮಾರು 17 ಸೆಂ.ಮೀ., ಎ4 ಹಾಳೆಯಲ್ಲಿ ಹಿಡಿಸುತ್ತದೆ. 22.5 ಡಿಗ್ರಿಯನ್ನು ಕೋನಮಾಪಕದಲ್ಲಿ ಹುಡುಕುವ ಬದಲು ಹಾಳೆಯ ಮೂಲೆಯನ್ನು ಎರಡು ಸಲ ಅರ್ಧಕ್ಕೆ ಮಡಚಿ ಅಳತೆಪಟ್ಟಿ ಮಾಡಿಕೊಳ್ಳಿ, ಅದೇ ಹೆಚ್ಚು ನಿಖರ.

ಕೋನ ಬದಲಿಸಿ ನೋಡಲಿ. 30ಕ್ಕೆ ಮೂರು ಚೌಕ, 12 ಮೂಲೆ. 20 ಡಿಗ್ರಿ ಕೊಟ್ಟರೆ? 90ನ್ನು 20 ಸಮನಾಗಿ ಭಾಗಿಸುವುದಿಲ್ಲ, ಆದ್ದರಿಂದ ಮೊದಲ ಕಾಲು ಸುತ್ತಿನಲ್ಲಿ ಮುಚ್ಚಿಕೊಳ್ಳದೆ 9 ಚೌಕ ಬರೆದ ಮೇಲೆ 36 ಮೂಲೆಯ ನಕ್ಷತ್ರ ಆಗುತ್ತದೆ. ಪಿನ್ ಕೇಂದ್ರದಿಂದ 2 ಮಿ.ಮೀ. ಆಚೆ ಹೋದರೂ ಮೂಲೆಗಳು ಒಂದೇ ವೃತ್ತದ ಮೇಲೆ ಬರುವುದಿಲ್ಲ. ಕೈವಾರದಿಂದ ವೃತ್ತ ಎಳೆದು ಪರೀಕ್ಷಿಸಬಹುದು. ನಿಜವಾದ ಗುಡಿಯಲ್ಲಿ ಸುತ್ತಲೂ ನಕ್ಷತ್ರ ಪೂರ್ತಿ ಇರುವುದಿಲ್ಲ, ಮಂಟಪ ಸೇರುವ ಬದಿಯಲ್ಲಿ ತುಂಡಾಗುತ್ತದೆ ಎಂಬುದನ್ನು ಹೇಳಿ. ಹಾಗಾಗಿ ಇಡೀ ಕಟ್ಟಡಕ್ಕೆ ಭ್ರಮಣ ಸಮಮಿತಿ ಇಲ್ಲ.

ರಂಗೋಲಿ

ನಿಮ್ಮ ಮಕ್ಕಳಲ್ಲಿ ಕೆಲವರಿಗಾದರೂ ಇದು ನಿಮಗಿಂತ ಚೆನ್ನಾಗಿ ಬರುತ್ತದೆ. ಅವರನ್ನೇ ಮುಂದೆ ಬಿಡಿ, ಆದರೆ ಚುಕ್ಕಿ ಇಡುವುದನ್ನು ಅಳತೆಯ ಕೆಲಸವಾಗಿ ಮಾಡಿಸಿ. ನೇರ ಚುಕ್ಕಿಯಲ್ಲಿ, ಉದಾಹರಣೆಗೆ 1-3-5-7-5-3-1, ಒಟ್ಟು 25 ಚುಕ್ಕಿ. ಸಾಲುಗಳ ಅಂತರವೂ ಚುಕ್ಕಿಗಳ ಅಂತರವೂ ಒಂದೇ ಇದ್ದರೆ ಕಾಲು ಸುತ್ತಿಗೆ ಹೊಂದುತ್ತದೆ. ಸಂದು ಚುಕ್ಕಿಯಲ್ಲಿ, ಅಂದರೆ ಎರಡು ಚುಕ್ಕಿಗಳ ನಡುವಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಂತೆ, ನಡುವಿನ 7ರಿಂದ ಎರಡೂ ಕಡೆ 4ರವರೆಗೆ ಇಟ್ಟರೆ, 37 ಚುಕ್ಕಿ. ಇಲ್ಲಿಯೇ ಎಲ್ಲರೂ ಎಡವುವುದು: ಚುಕ್ಕಿಗಳ ನಡುವೆ 3 ಸೆಂ.ಮೀ. ಬಿಟ್ಟವರು ಸಾಲುಗಳ ನಡುವೆಯೂ 3 ಸೆಂ.ಮೀ. ಬಿಡುತ್ತಾರೆ. ಆಗ ಷಡ್ಭುಜ ಮೇಲಕ್ಕೆ ಎಳೆದಂತಾಗುತ್ತದೆ. ಎಡಬಲ, ಮೇಲೆಕೆಳಗೆ ಸಮಮಿತಿ ಉಳಿಯುತ್ತದೆ. 60 ಡಿಗ್ರಿ ತಿರುಗಿಸಿದರೆ ಹೊಂದುವುದಿಲ್ಲ. ಸಾಲಿನ ಅಂತರ ಚುಕ್ಕಿಯ ಅಂತರದ 0.866ರಷ್ಟು ಇರಬೇಕು, ಅಂದರೆ 3 ಸೆಂ.ಮೀ.ಗೆ 2.6. ಅಳತೆಪಟ್ಟಿ ಬೇಡವೆಂದರೆ ಮೂರು ಸಮ ಕಡ್ಡಿಗಳ ತ್ರಿಭುಜ ಮಾಡಿ ಅದರಿಂದಲೇ ಮುಂದಿನ ಚುಕ್ಕಿಯನ್ನು ಗುರುತಿಸಬಹುದು.

ಸಮ ಅಂತರದ ಚುಕ್ಕಿಜಾಲದಲ್ಲಿ ಐದರ ಅಥವಾ ಎಂಟರ ಭ್ರಮಣ ಸಮಮಿತಿ ಬರುವುದೇ ಇಲ್ಲ. 2, 3, 4, 6 ಇಷ್ಟೇ. ನೇರ ಚುಕ್ಕಿಯಲ್ಲಿ ಎಂಟೆಸಳಿನ ಕಮಲ ಹಾಕುತ್ತೇವಲ್ಲ ಎಂದು ಯಾರಾದರೂ ಕೇಳಬೇಕು, ಕೇಳದಿದ್ದರೆ ನೀವೇ ಕೇಳಿ. ಅದು ಕಣ್ಣಿಗೆ ಎಂಟು, ಅಳತೆಗೆ ನಾಲ್ಕು. ನೇರ ಎಸಳು ಮೂರು ಚುಕ್ಕಿಯ ಉದ್ದ, ಮೂಲೆಯ ಎಸಳು ಎರಡು ಚುಕ್ಕಿಯಷ್ಟು ಓರೆ, ಅಂದರೆ 2.83. ವ್ಯತ್ಯಾಸ ಅಷ್ಟು ಸಣ್ಣದಾದ್ದರಿಂದ ಯಾರೂ ಗಮನಿಸುವುದಿಲ್ಲ. ಬಟರ್ ಪೇಪರ್ ಮಾತ್ರ ಗಮನಿಸುತ್ತದೆ.

ನಿಜವಾದ ಎಂಟು ಬೇಕಿದ್ದರೆ ಚುಕ್ಕಿಗಳನ್ನು ಜಾಲದಲ್ಲಲ್ಲ, ಕಿರಣಗಳ ಮೇಲೆ ಇಡಬೇಕು. ಹೃದಯಕಮಲ ಎಂದು ಕರೆಯುವ ರಂಗೋಲಿ ಹಾಗೆಯೇ ಇರುವುದು. ಹಾಳೆಯನ್ನು ಕೇಂದ್ರದ ಸುತ್ತ ಮೂರು ಸಲ ಮಡಚಿ ಬಿಡಿಸಿದರೆ ಎಂಟು ಕಿರಣ. ಪ್ರತಿ ಕಿರಣದ ಮೇಲೆ ಕೇಂದ್ರದಿಂದ 2, 3.5, 5, 6.5, 8 ಸೆಂ.ಮೀ. ದೂರದಲ್ಲಿ ಐದು ಚುಕ್ಕಿ ಇಟ್ಟು, ಒಳಗಿನಿಂದ 1ರಿಂದ 5 ಎಂದು ಪೆನ್ಸಿಲ್‌ನಲ್ಲಿ ತೆಳುವಾಗಿ ಬರೆಯಿರಿ. ಒಂದು ಕಿರಣದ 1ರಿಂದ ಹೊರಟು ಪಕ್ಕದ ಕಿರಣದ 3ಕ್ಕೆ, ಅದರ ಪಕ್ಕದ 5ಕ್ಕೆ, ಮುಂದಿನ 2ಕ್ಕೆ, ಮುಂದಿನ 4ಕ್ಕೆ, ಮತ್ತೆ 1ಕ್ಕೆ. ಪ್ರತಿ ಹೆಜ್ಜೆಗೂ ಒಂದು ಕಿರಣ ಮುಂದೆ, ಯಾವಾಗಲೂ ಒಂದೇ ದಿಕ್ಕಿಗೆ. ಕೈ ಎತ್ತದೆ 40 ಚುಕ್ಕಿಗಳನ್ನೂ ಮುಟ್ಟಿ ಎಳೆ ಹೊರಟಲ್ಲಿಗೇ ಬಂದು ಸೇರುತ್ತದೆ. 45 ಡಿಗ್ರಿಗೊಮ್ಮೆ ಹೊಂದುತ್ತದೆ, ಸಮಮಿತಿ ರೇಖೆ ಒಂದೂ ಇಲ್ಲ.

ಎಳೆ ಬೇಗ ಮುಚ್ಚಿಕೊಂಡರೆ ಮಗು ಎಲ್ಲೋ ಒಂದು ಕಿರಣ ಹಾರಿಸಿದೆ ಅಥವಾ ದಿಕ್ಕು ಬದಲಿಸಿದೆ ಎಂದು ತಿಳಿಯಿರಿ. 1-3-5-2-4 ಎಂಬ ಐದರ ಸುತ್ತು ಎಂಟು ಕಿರಣಗಳ ಸುತ್ತಿನೊಂದಿಗೆ ಮತ್ತೆ ಕೂಡುವುದು 5 ಮತ್ತು 8ರ ಲ.ಸಾ.ಅ. 40ಕ್ಕೆ, ಹಾಗಾಗಿ ಒಂದೇ ಎಳೆ ಸಾಕಾಗುತ್ತದೆ. ಆರು ಕಿರಣ ಹಾಕಿದರೂ ಒಂದೇ ಎಳೆ. ಹತ್ತು ಕಿರಣ ಹಾಕಿದರೆ 10 ಹೆಜ್ಜೆಗೇ ಮುಚ್ಚಿಕೊಂಡು ಐದು ಬೇರೆ ಬೇರೆ ಎಳೆಗಳಾಗುತ್ತವೆ. ಲ.ಸಾ.ಅ. ಪಾಠವನ್ನು ಬೇಸರದಿಂದ ಮಾಡಿದ ಮಕ್ಕಳು ಇದನ್ನು ತಾವಾಗಿಯೇ ಪರೀಕ್ಷಿಸಲು ಕೂರುವ ಸಾಧ್ಯತೆ ಹೆಚ್ಚು.

ಅಂಚುಪಟ್ಟಿ ಮತ್ತು ಕೃಷ್ಣನ ಹೆಜ್ಜೆ

7ನೇ ತರಗತಿಯ ಪಾಠಕ್ಕೆ ಇದು ಅಗತ್ಯವಿಲ್ಲ, ಸಮಯ ಉಳಿದರೆ ಮಾಡಿ. ಗೋಕುಲಾಷ್ಟಮಿಗೆ ಬಾಗಿಲಿನಿಂದ ದೇವರಮನೆವರೆಗೆ ಹಾಕುವ ಪುಟ್ಟ ಹೆಜ್ಜೆಗಳು ಒಂದು ವಿಶೇಷ ಚಲನೆಯನ್ನು ತೋರಿಸುತ್ತವೆ. ಅಕ್ಕಿಹಿಟ್ಟನ್ನು ದೋಸೆಹಿಟ್ಟಿಗಿಂತ ತುಸು ತೆಳುವಾಗಿ ಕಲಸಿ, ಮುಷ್ಟಿಯ ಕಿರುಬೆರಳ ಬದಿಯನ್ನು ಅದ್ದಿ ಒತ್ತಿದರೆ ಪಾದ. ಬೆರಳ ತುದಿಯಿಂದ ಐದು ಬೆರಳು. ಎಡಮುಷ್ಟಿಯ ಗುರುತು ಬಲಮುಷ್ಟಿಯದರ ಕನ್ನಡಿ ಬಿಂಬ. ಇಡೀ ಸಾಲಿಗೆ ಸಮಮಿತಿ ರೇಖೆ ಎಲ್ಲಿದೆ ಎಂದು ಕೇಳಿ. ನಡುವಿನ ಗೆರೆಯಲ್ಲಿ ಮಡಚಿದರೆ ಎಡಹೆಜ್ಜೆ ಬಲಹೆಜ್ಜೆಯ ಮೇಲೆ ಬೀಳುವುದಿಲ್ಲ. ಮಗುಚಿ, ಒಂದು ಹೆಜ್ಜೆಯಷ್ಟು ಮುಂದೆ ಜರುಗಿಸಬೇಕು. ಹಿಟ್ಟು ತೀರಾ ನೀರಾದರೆ ಗುರುತು ಹರಡಿ ಎಡಬಲ ತಿಳಿಯುವುದಿಲ್ಲ.

ಧಾರವಾಡ ಕಡೆಯ ಕಸೂತಿಯಲ್ಲಿ ಉಳಿದವು ಸಿಗುತ್ತವೆ. ಒಂದೇ ದಿಕ್ಕಿಗೆ ನಡೆಯುವ ಆನೆಸಾಲು ಬರೀ ಜರುಗಿಸಿದ್ದು. ಎದುರುಬದುರು ನವಿಲು ಮಗುಚಿದ್ದು. ಗೋಪುರದ ಸಾಲಿನಲ್ಲಿ ಎರಡೂ ಇವೆ. ಗ್ರಾಫ್ ಹಾಳೆಯಲ್ಲಿ ಬರೆಸಿದರೆ ಸಾಕು. ಸೂಜಿ ಹಿಡಿಯುವ ಮಕ್ಕಳಿದ್ದರೆ ಮ್ಯಾಟಿ ಬಟ್ಟೆಯ ಮೇಲೆ ಗವಂತಿ ಹೊಲಿಗೆ ಮಾಡಿಸಿ: ಹೋಗುವಾಗ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ, ಬರುವಾಗ ಬಿಟ್ಟ ಮನೆಗಳನ್ನು ತುಂಬುವುದು. ಗಂಟು ಹಾಕದೆ ಹೊಲಿದರೆ ಬಟ್ಟೆಯ ಎರಡೂ ಬದಿ ಒಂದೇ. ಒಂದು ಮನೆ ಎಣಿಕೆ ತಪ್ಪಿದರೆ ಮರಳಿ ಬರುವಾಗ ಸೂಜಿ ಖಾಲಿ ಜಾಗಕ್ಕೆ ಬದಲು ತುಂಬಿದ ಮನೆಗೇ ಬರುತ್ತದೆ. ಒಂದು ಆಕಾರವನ್ನು ಪಟ್ಟಿಯ ಉದ್ದಕ್ಕೂ ಮರುಕಳಿಸಲು ಒಟ್ಟು ಏಳೇ ಬಗೆಯ ಸಮಮಿತಿಗಳಿವೆ ಎಂಬುದು ಸಾಧಿಸಿದ ಪ್ರಮೇಯ. ಏಳನ್ನೂ ಹುಡುಕುವುದು ಬೇಸಿಗೆ ರಜೆಯ ಕೆಲಸ.

ಬಣ್ಣ ತುಂಬುವಾಗ ಎಚ್ಚರ

ಚಿತ್ರ ಎಷ್ಟೇ ಸರಿಯಾಗಿದ್ದರೂ ಬಣ್ಣದಲ್ಲಿ ಕೆಡುತ್ತದೆ. ಆರೆಸಳಿಗೆ ಎರಡು ಬಣ್ಣ ಒಂದು ಬಿಟ್ಟು ಒಂದರಂತೆ ಹಾಕಿದರೆ ಆರರ ಬದಲು ಮೂರು ಸಲ ಹೊಂದುತ್ತದೆ, ರೇಖೆಗಳೂ ಮೂರಕ್ಕೆ ಇಳಿಯುತ್ತವೆ. ಕೆಂಪು, ಹಳದಿ, ಹಸಿರು ಸರದಿಯಲ್ಲಿ ಹಾಕಿದರೆ ಎರಡು ಸಲ ಹೊಂದುತ್ತದೆ, ರೇಖೆ ಒಂದೂ ಉಳಿಯುವುದಿಲ್ಲ. ಮಗುಚಿದಾಗ ಸರದಿ ತಿರುವುಮುರುವಾಗುತ್ತದೆ. 16 ಮೂಲೆಯ ನಕ್ಷತ್ರಕ್ಕೆ ಮೂರು ಬಣ್ಣದ ಸರದಿ ಹಿಡಿದರೆ ಕೊನೆಯಲ್ಲಿ ಎರಡು ಒಂದೇ ಬಣ್ಣದ ಮೂಲೆ ಪಕ್ಕಪಕ್ಕ ಬಂದು ಮಗು ಅಳುಮುಖ ಮಾಡುತ್ತದೆ. ಬಣ್ಣ ಮುಟ್ಟುವ ಮೊದಲು ‘ಎಷ್ಟು ಸಲ ಹೊಂದಬೇಕು, ಎಷ್ಟು ರೇಖೆ ಉಳಿಯಬೇಕು’ ಎಂದು ಹಾಳೆಯ ಹಿಂದೆ ಬರೆಸಿ.

ಅವಧಿಗಳನ್ನು ಹೀಗೆ ಹಂಚಿ: ಮೊದಲನೆಯದು ಚತುರ್ಭುಜ ಮತ್ತು ಬಟರ್ ಪೇಪರ್, ಎರಡನೆಯದರಲ್ಲಿ ಅರ್ಧ ತರಗತಿಗೆ ಕಾಗದದ ಹೂವು, ಅರ್ಧಕ್ಕೆ ಕನ್ನಡಿ, ಇಪ್ಪತ್ತು ನಿಮಿಷಕ್ಕೆ ಅದಲುಬದಲು, ಮೂರನೆಯದು ಪೂರ್ತಿ ಮಾವಿನ ಅಚ್ಚಿಗೆ, ನಾಲ್ಕನೆಯದು ನಕ್ಷತ್ರ ಮತ್ತು ಬಣ್ಣ, ಐದನೆಯದು ಹೃದಯಕಮಲ, ಮೊದಲು ಹಾಳೆಯಲ್ಲಿ, ಆಮೇಲೆ ಅಂಗಳದಲ್ಲಿ ಹಗ್ಗ ಮತ್ತು ಸೀಮೆಸುಣ್ಣದಿಂದ ಹತ್ತು ಪಟ್ಟು ದೊಡ್ಡದು. ಒಂದು ಅವಧಿ ಕೈತಪ್ಪಿದರೆ ನಕ್ಷತ್ರವನ್ನು ಬಿಡಿ, ಮಾವಿನ ಅಚ್ಚನ್ನು ಬಿಡಬೇಡಿ. ಕೊನೆಗೆ ಮಾರ್ಕಿನ ಪರೀಕ್ಷೆ ಬೇಕೇಬೇಕು ಎಂದಾದರೆ ಒಂದೇ ಪ್ರಶ್ನೆ ಸಾಕು: ಮೂರು ಸಲ ಹೊಂದುವ, ಆದರೆ ಸಮಮಿತಿ ರೇಖೆ ಒಂದೂ ಇಲ್ಲದ ಚಿತ್ರ ಬರೆಯಿರಿ. ಮೂರೆಸಳಿನ ನೇರ ಹೂವು ಬರೆದವರು ಮಾವಿನ ಹಾಳೆಗೆ ಮರಳಬೇಕು. ಎಸಳುಗಳನ್ನು ಒಂದೇ ಕಡೆಗೆ ಬಾಗಿಸಿದವರನ್ನು ಮುಂದಿನ ಪಾಠಕ್ಕೆ ಕರೆದೊಯ್ಯಬಹುದು.